ಹತ್ತಕ್ಕೇ ನಿಂತ ಲೆಕ್ಕ: ಕಂಪ್ಯೂಟರ್ ಹಾಳೆಯ ಸೂತ್ರಗಳನ್ನು ಕಲಿಯೋಣ



ಪಂಚಸೂತ್ರ ನಮಗೆಲ್ಲರಿಗೂ ಬಾಯಿಪಾಠ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಮೊದಲ ನಾಲ್ಕರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಐದನೆಯದು ಬಂದಾಗ ಮಾತ್ರ, "ಅದು ಪುಸ್ತಕ ಬರೆಯುವವರ ಕೆಲಸ, ನಮಗೇನು ಗೊತ್ತಾಗ್ತದೆ?" ಅಂತ ಹಿಂದೆ ಸರಿಯುತ್ತೇವೆ. ಈಗ ಪುಸ್ತಕದ ಜೊತೆಗೆ ಕಂಪ್ಯೂಟರೂ ಬಂದಿದೆ. ಹಾಗಾಗಿ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೇವೆ. "ಕಂಪ್ಯೂಟರ್ ಹೇಳಿದ ಮೇಲೆ ಮುಗೀತಲ್ಲ" ಎನ್ನುವ ಮಾತು ಸಭೆಗಳಲ್ಲಿ ಕೇಳಿಬರುತ್ತಿದೆ. ಈ ಮಾತು ಎಷ್ಟು ಸರಿ? ಮೊದಲು ನಾವು ಕಣ್ಣಾರೆ ಕಂಡ ಒಂದು ಘಟನೆಯನ್ನು ಹೇಳುತ್ತೇವೆ. ಆಮೇಲೆ ಪಾಠ.

ಒಂದು ಸಂಘದಲ್ಲಿ ನಡೆದದ್ದು

ಆ ಸಂಘದಲ್ಲಿ ಹತ್ತು ಜನ ಸದಸ್ಯೆಯರಿದ್ದರು. ಒಂದು ವರ್ಷದ ಆರಂಭದಲ್ಲಿ ಇನ್ನಿಬ್ಬರು ಸೇರಿಕೊಂಡರು. ತಲಾ ತಿಂಗಳಿಗೆ 200 ರೂಪಾಯಿ ಉಳಿತಾಯ. ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಪುಸ್ತಕ ಬರೆಯುತ್ತಿದ್ದಳು. ನಾವೇ ಅವಳಿಗೆ ಮೂರು ದಿನ ಕಂಪ್ಯೂಟರ್ ತರಬೇತಿ ಕೊಟ್ಟು, ಸಂಘದ ಲೆಕ್ಕವನ್ನು ಹಾಳೆಯಲ್ಲಿ ಹಾಕಿಸಿದ್ದೆವು.

ಎಂಟು ತಿಂಗಳು ಕಳೆದ ಮೇಲೆ ಬ್ಯಾಂಕ್ ಪಾಸ್‌ಬುಕ್ ಮತ್ತು ಕಂಪ್ಯೂಟರ್ ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆ ಎಂಟು ತಿಂಗಳಲ್ಲಿ ಬ್ಯಾಂಕಿಗೆ ಕಟ್ಟಿದ ಉಳಿತಾಯ 19,200 ರೂಪಾಯಿ. ಕಂಪ್ಯೂಟರ್ ತೋರಿಸಿದ್ದು 16,000. ಹಣ ಹೆಚ್ಚೇ ಇತ್ತು, ಕಡಿಮೆ ಇರಲಿಲ್ಲ. ಆದರೂ ಅನುಮಾನ ಹುಟ್ಟಿತು. "ಲೆಕ್ಕಕ್ಕೆ ಇಲ್ಲದ ದುಡ್ಡು ಬ್ಯಾಂಕಿನಲ್ಲಿ ಹೇಗೆ ಬಂತು? ಇದನ್ನು ಯಾರಾದರೂ ಆಮೇಲೆ ತೆಗೆಯೋಣ ಅಂತ ಇಟ್ಟಿದ್ದಾರಾ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಹುಡುಗಿ ಅಳುತ್ತಾ ಮನೆಗೆ ಹೋದವಳು ಮೂರು ವಾರ ಸಭೆಗೆ ಬರಲಿಲ್ಲ.

ನಮಗೆ ಸುದ್ದಿ ಬಂದು ಹೋದೆವು. ಲೆಕ್ಕ ಬಿಡಿಸಿದ್ದು ನಾವಲ್ಲ, ಕಂಪ್ಯೂಟರ್ ಮುಟ್ಟಿಯೂ ಗೊತ್ತಿಲ್ಲದ ಹಿರಿಯ ಸದಸ್ಯೆ. "ಸಿಸ್ಟರ್, ಎಲ್ಲರ ಕೈಪುಸ್ತಕ ತರಿಸಿ, ಒಬ್ಬೊಬ್ಬರದೇ ಓದಿ" ಎಂದರು. ಹನ್ನೆರಡು ಕೈಪುಸ್ತಕ ಓದಿ ಕೂಡಿದಾಗ 19,200 ಬಂತು. ಬ್ಯಾಂಕಿನ ಲೆಕ್ಕಕ್ಕೆ ಸರಿಯಾಯಿತು. ಹಾಗಾದರೆ ತಪ್ಪಿದ್ದು ಕಂಪ್ಯೂಟರಿನಲ್ಲಿ. ಒಟ್ಟು ಮೊತ್ತ ಬರೆದ ಜಾಗವನ್ನು ಒತ್ತಿ ನೋಡಿದೆವು. ಅಲ್ಲಿ ಅಡಗಿದ್ದ ಸೂತ್ರ ಎರಡನೆಯ ಸಾಲಿನಿಂದ ಹನ್ನೊಂದನೆಯ ಸಾಲಿನವರೆಗೆ ಮಾತ್ರ ಕೂಡುತ್ತಿತ್ತು, ಅಂದರೆ ಹತ್ತು ಜನರದ್ದು. ಹೊಸಬರಿಬ್ಬರ ಹೆಸರು ಹನ್ನೆರಡು, ಹದಿಮೂರನೆಯ ಸಾಲಿನಲ್ಲಿತ್ತು. ಹಾಳೆಯಲ್ಲಿ ಅವರ ಹೆಸರಿದೆ, ಹಣವಿದೆ, ಆದರೆ ಮೊತ್ತದಲ್ಲಿ ಅವರಿಲ್ಲ! ಇಬ್ಬರು, 200 ರೂಪಾಯಿ, ಎಂಟು ತಿಂಗಳು. ಸರಿಯಾಗಿ 3,200.

ಯಾರೂ ಕದ್ದಿರಲಿಲ್ಲ. ಆದರೆ ಆ ಮೊತ್ತ ನೋಡಿ ವರ್ಷದ ಕೊನೆಗೆ ಲಾಭ ಹಂಚಿದ್ದರೆ ಆ ಇಬ್ಬರು ಹೊರಗುಳಿಯುತ್ತಿದ್ದರು. ಒಬ್ಬ ಹುಡುಗಿಯ ಹೆಸರಿಗೆ ಆಗಲೇ ಮಸಿ ಬಳಿದಾಗಿತ್ತು. ಇದರಲ್ಲಿ ನಮ್ಮ ತಪ್ಪೂ ಇದೆ. ಸೂತ್ರ ಬರೆಯುವುದನ್ನು ಅವಳೊಬ್ಬಳಿಗೆ ಕಲಿಸಿದ್ದೆವು. ಸೂತ್ರ ಓದುವುದನ್ನು ಉಳಿದವರಿಗೆ ಕಲಿಸಿರಲಿಲ್ಲ. ಆ ಕೊರತೆ ತುಂಬಲು ಈ ಪಾಠ.

1. ಹಾಳೆ, ಮನೆ, ವಿಳಾಸ

ಚೌಕಾಬಾರ ಆಡದವರು ನಮ್ಮಲ್ಲಿ ಯಾರಿದ್ದಾರೆ? ಕಂಪ್ಯೂಟರ್ ಹಾಳೆಯೂ ಹಾಗೇ ಮನೆಮನೆಯಾಗಿ ಗೆರೆ ಹಾಕಿದ್ದು. ಒಂದೊಂದು ಚೌಕಕ್ಕೂ ಕಂಪ್ಯೂಟರಿನವರು 'ಸೆಲ್' ಎನ್ನುತ್ತಾರೆ. ನಾವು 'ಮನೆ' ಎನ್ನೋಣ. ಮೇಲಿನಿಂದ ಕೆಳಗೆ ಹೋಗುವುದು ಕಾಲಂ. ಅದಕ್ಕೆ ಇಂಗ್ಲಿಷ್ ಅಕ್ಷರದ ಹೆಸರು: ಎ, ಬಿ, ಸಿ, ಡಿ. ಎಡದಿಂದ ಬಲಕ್ಕೆ ಹೋಗುವುದು ಅಡ್ಡಸಾಲು. ಅದಕ್ಕೆ ಸಂಖ್ಯೆ: 1, 2, 3. ಸಿ ಕಾಲಂ ಮತ್ತು 2ನೇ ಸಾಲು ಸೇರುವ ಮನೆಯ ವಿಳಾಸ ಸಿ2. ಬೀದಿ ಹೆಸರು ಮತ್ತು ಮನೆ ನಂಬರು ಹೇಳಿದರೆ ಅಂಚೆಯವರಿಗೆ ಮನೆ ಸಿಗುವ ಹಾಗೆ.

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಹೆಸರಿನಲ್ಲಿ ಈ ಹಾಳೆಗಳು ಸಿಗುತ್ತವೆ. ಕ್ಯಾಲ್ಕ್ ಉಚಿತ. ಗೂಗಲ್ ಶೀಟ್ಸ್ ಮೊಬೈಲಿನಲ್ಲೂ ನಡೆಯುತ್ತದೆ. ಈ ಪಾಠದಲ್ಲಿ ಹೇಳುವ ಸೂತ್ರಗಳು ಮೂರರಲ್ಲೂ ಒಂದೇ. ಒಂದು ಸೂಚನೆ: ಇಲ್ಲಿ ನಾವು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಅದೇ ಇಂಗ್ಲಿಷ್ ಅಕ್ಷರಗಳನ್ನು ಒತ್ತಬೇಕು.

ಈ ಹಾಳೆ ಹುಟ್ಟಿದ ಕಥೆಯೂ ನಮ್ಮ ಅನುಭವಕ್ಕೆ ಹತ್ತಿರದ್ದು. 1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬವರು, ಕರಿಹಲಗೆಯ ಮೇಲೆ ಲೆಕ್ಕದ ಪಟ್ಟಿ ಬರೆಯುವಾಗ ಒಂದು ಅಂಕಿ ಬದಲಾದರೆ ಉಳಿದ ಎಷ್ಟೋ ಅಂಕಿಗಳನ್ನು ಒರೆಸಿ ಮತ್ತೆ ಬರೆಯಬೇಕಾಗುವುದನ್ನು ಗಮನಿಸಿದರು. ಒಂದನ್ನು ಬದಲಿಸಿದರೆ ಉಳಿದವು ತಾವಾಗಿಯೇ ಬದಲಾಗುವಂತಿದ್ದರೆ? ಅವರು ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ 'ವಿಸಿಕ್ಯಾಲ್ಕ್' ಎಂಬ ಹಾಳೆಯನ್ನು ಹೊರತಂದರು. ನಗದು ಪುಸ್ತಕದಲ್ಲಿ ರಬ್ಬರ್ ಹಾಕಿ ಹಾಕಿ ಕಾಗದ ತೂತಾದ ಅನುಭವ ಇದ್ದವರಿಗೆ ಇದರ ಬೆಲೆ ಗೊತ್ತು.

2. ಸೂತ್ರ ಬರೆಯುವುದು

ಉದಾಹರಣೆಗೆ ಮೂವರು ಸದಸ್ಯೆಯರ ಒಂದು ಸಣ್ಣ ಹಾಳೆ ನೋಡೋಣ. ಹೆಸರುಗಳು ಕಲಿಯುವುದಕ್ಕೆ ಮಾತ್ರ.

ಎ | ಬಿ | ಸಿ | ಡಿ | ಇ | ಎಫ್
1: ಹೆಸರು | ಹಿಂದಿನ ಉಳಿತಾಯ | ಈ ತಿಂಗಳು | ಒಟ್ಟು | ಸಾಲ ಬಾಕಿ | ಬಡ್ಡಿ
2: ಲಕ್ಷ್ಮಮ್ಮ | 1600 | 200 | ... | 10000 | ...
3: ಫಿಲೋಮಿನಾ | 1600 | 200 | ... | 5000 | ...
4: ಮಮ್ತಾಜ್ | 1600 | 200 | ... | 8000 | ...

ಲಕ್ಷ್ಮಮ್ಮನ ಒಟ್ಟು ಉಳಿತಾಯ ಡಿ2 ಮನೆಯಲ್ಲಿ ಬರಬೇಕು. ಅಲ್ಲಿ 1800 ಅಂತ ನಾವೇ ಕೂಡಿ ಬರೆಯಬಹುದು. ಆದರೆ ನಾಳೆ ಸಿ2ನಲ್ಲಿ 200 ಇದ್ದದ್ದು 300 ಆದರೆ ಡಿ2 ಹಾಗೇ ಉಳಿಯುತ್ತದೆ. ಅದಕ್ಕೆ ಅಂಕಿ ಬರೆಯದೆ ವಿಳಾಸ ಬರೆಯಬೇಕು:

=ಬಿ2+ಸಿ2

ಎಂಟರ್ ಒತ್ತಿದರೆ 1800 ಕಾಣುತ್ತದೆ. ಸಿ2 ಬದಲಾದರೆ ಉತ್ತರವೂ ಬದಲಾಗುತ್ತದೆ. ಸಮ ಚಿಹ್ನೆ (=) ಮೊದಲು ಇರಲೇಬೇಕು. ಅದಿಲ್ಲದಿದ್ದರೆ ಕಂಪ್ಯೂಟರ್ ಅದನ್ನು ಬರೀ ಅಕ್ಷರ ಅಂತ ಬಿಟ್ಟುಬಿಡುತ್ತದೆ. ಕೂಡಲು +, ಕಳೆಯಲು -, ಗುಣಿಸಲು ನಕ್ಷತ್ರ *, ಭಾಗಿಸಲು ಓರೆಗೆರೆ /.

ನೆನಪಿಡಿ: ಕಂಪ್ಯೂಟರ್ ಮೊದಲು ಗುಣಾಕಾರ, ಭಾಗಾಕಾರ ಮಾಡುತ್ತದೆ. ಕೂಡುವುದು, ಕಳೆಯುವುದು ಆಮೇಲೆ. 10,000 ಸಾಲದಲ್ಲಿ 2,000 ತೀರಿದೆ, ಉಳಿದದ್ದಕ್ಕೆ ನೂರಕ್ಕೆ ಎರಡರಂತೆ ತಿಂಗಳ ಬಡ್ಡಿ ಬೇಕು ಅಂದುಕೊಳ್ಳಿ. =10000-2000*2% ಎಂದು ಬರೆದರೆ ಅದು ಮೊದಲು 2,000ಕ್ಕೆ ಬಡ್ಡಿ ಹಾಕಿ 40 ಮಾಡಿ, 10,000ದಿಂದ ಕಳೆದು 9,960 ಎನ್ನುತ್ತದೆ. =(10000-2000)*2% ಎಂದು ಆವರಣ ಹಾಕಿದರೆ ಸರಿಯಾದ 160 ಬರುತ್ತದೆ. ಮೊದಲು ಆಗಬೇಕಾದ ಕೆಲಸವನ್ನು ಆವರಣದೊಳಗೆ ಇಡಿ.

3. ಎಳೆದಾಗ ಓಡುವ ವಿಳಾಸ, ಗೂಟಕ್ಕೆ ಕಟ್ಟಿದ ವಿಳಾಸ

ಡಿ2ರಲ್ಲಿ ಬರೆದ ಸೂತ್ರವನ್ನು ಎಲ್ಲರಿಗೂ ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಆ ಮನೆಯನ್ನು ಒತ್ತಿದರೆ ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಅದನ್ನು ಮೌಸಿನಿಂದ ಹಿಡಿದು ಕೆಳಕ್ಕೆ ಎಳೆಯಿರಿ. ಡಿ3ರಲ್ಲಿ =ಬಿ3+ಸಿ3 ಆಗುತ್ತದೆ, ಡಿ4ರಲ್ಲಿ =ಬಿ4+ಸಿ4. ಸೂತ್ರ ಒಂದು ಸಾಲು ಇಳಿದರೆ ಅದರೊಳಗಿನ ವಿಳಾಸವೂ ಒಂದು ಸಾಲು ಇಳಿಯುತ್ತದೆ. ತಾಯಿ ನಡೆದರೆ ಸೆರಗು ಹಿಡಿದ ಮಗು ಹಿಂದೆ ಬಂದ ಹಾಗೆ.

ಇದು ಹೆಚ್ಚಿನ ಕಡೆ ಅನುಕೂಲ. ಬಡ್ಡಿಯಲ್ಲಿ ಮಾತ್ರ ಎಡವಟ್ಟು. ಬಡ್ಡಿ ದರ ಎಲ್ಲರಿಗೂ ಒಂದೇ. ಅದನ್ನು ಹೆಚ್1 ಮನೆಯಲ್ಲಿ 2% ಎಂದು ಒಮ್ಮೆ ಬರೆದಿಡಿ (ಬರೀ 2 ಎಂದು ಬರೆದರೆ 10,000ಕ್ಕೆ 20,000 ಬಡ್ಡಿ ಬಂದೀತು!). ಲಕ್ಷ್ಮಮ್ಮನ ಬಡ್ಡಿಗೆ ಎಫ್2ರಲ್ಲಿ =ಇ2*ಹೆಚ್1 ಎಂದು ಬರೆದರೆ 200 ಬರುತ್ತದೆ, ಸರಿ. ಆದರೆ ಕೆಳಕ್ಕೆ ಎಳೆದಾಗ ಫಿಲೋಮಿನಾಳ ಸಾಲಿನಲ್ಲಿ =ಇ3*ಹೆಚ್2 ಆಗುತ್ತದೆ. ಹೆಚ್2 ಖಾಲಿ ಮನೆ. ಅವಳ ಬಡ್ಡಿ ಸೊನ್ನೆ. ಮಮ್ತಾಜಳದ್ದೂ ಸೊನ್ನೆ. ಒಬ್ಬಳಿಗೆ ಬಡ್ಡಿ, ಇನ್ನಿಬ್ಬರಿಗೆ ಮಾಫಿ! ಸಂಘದಲ್ಲಿ ಜಗಳಕ್ಕೆ ಇದಕ್ಕಿಂತ ಬೇರೇನು ಬೇಕು?

ದನ ಓಡಬಾರದು ಅಂದರೆ ಗೂಟಕ್ಕೆ ಕಟ್ಟುತ್ತೇವೆ. ಇಲ್ಲಿ ಗೂಟ ಡಾಲರ್ ಗುರುತು:

=ಇ2*$ಹೆಚ್$1

ಇಲ್ಲಿ ಡಾಲರಿಗೂ ಹಣಕ್ಕೂ ಸಂಬಂಧ ಇಲ್ಲ. ಅಕ್ಷರದ ಹಿಂದಿನ ಡಾಲರ್ ಕಾಲಂ ಅನ್ನು ಕಟ್ಟುತ್ತದೆ, ಸಂಖ್ಯೆಯ ಹಿಂದಿನ ಡಾಲರ್ ಸಾಲನ್ನು ಕಟ್ಟುತ್ತದೆ. ಈಗ ಕೆಳಕ್ಕೆ ಎಳೆದರೆ ಇ2 ಇ3 ಆಗುತ್ತದೆ, ಇ4 ಆಗುತ್ತದೆ, ಆದರೆ ಹೆಚ್1 ಕದಲುವುದಿಲ್ಲ. ಬಡ್ಡಿ 200, 100, 160 ಎಂದು ಸರಿಯಾಗಿ ಬರುತ್ತದೆ. ನಾಳೆ ಸಭೆಯಲ್ಲಿ ಬಡ್ಡಿಯನ್ನು ನೂರಕ್ಕೆ ಒಂದೂವರೆಗೆ ಇಳಿಸಿ ನಿರ್ಣಯ ಬರೆದರೆ, ಹೆಚ್1ರಲ್ಲಿ 1.5% ಎಂದು ತಿದ್ದಿದರೆ ಸಾಕು. ಎಲ್ಲರದ್ದೂ 150, 75, 120 ಆಗುತ್ತದೆ. ಆದರೆ ಹಳೆಯ ತಿಂಗಳುಗಳ ಬಡ್ಡಿಯೂ ಅದೇ ಹೆಚ್1 ನೋಡುತ್ತಿದ್ದರೆ ಅದೂ ಬದಲಾಗಿಬಿಡುತ್ತದೆ. ಆದ್ದರಿಂದ ಪ್ರತಿ ತಿಂಗಳಿಗೆ ಬೇರೆ ಹಾಳೆ, ಅದಕ್ಕೆ ಅದರದೇ ದರ ಇರಲಿ.

4. ಸಿದ್ಧ ಸೂತ್ರಗಳು

ಇಪ್ಪತ್ತು ಮನೆ ಕೂಡಲು ಇಪ್ಪತ್ತು ಸಲ + ಒತ್ತಬೇಕಾಗಿಲ್ಲ. ಅದಕ್ಕೆ ಸಿದ್ಧ ಸೂತ್ರಗಳಿವೆ. ಇವಕ್ಕೆ 'ಫಂಕ್ಷನ್' ಎನ್ನುತ್ತಾರೆ. ನಮ್ಮ ಸಂಘಗಳಿಗೆ ನಾಲ್ಕು ಸಾಕು.

ಸಮ್: ಕೂಡುತ್ತದೆ. =ಸಮ್(ಸಿ2:ಸಿ11) ಅಂದರೆ ಸಿ2ರಿಂದ ಸಿ11ರವರೆಗೆ. ನಡುವಿನ ಎರಡು ಚುಕ್ಕೆ (:) ಎಂದರೆ 'ಇಂದ – ವರೆಗೆ'. ಮೇಲಿನ ಘಟನೆಯಲ್ಲಿ ತಪ್ಪಿದ್ದು ಇದೇ 'ವರೆಗೆ'. ನಮ್ಮ ಸಂಘಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಆದ್ದರಿಂದ ಮೊದಲೇ =ಸಮ್(ಸಿ2:ಸಿ21) ಎಂದು ಇಪ್ಪತ್ತು ಸಾಲು ಬಿಟ್ಟು ಬರೆಯಿರಿ. ಖಾಲಿ ಮನೆಗಳಿಂದ ಮೊತ್ತಕ್ಕೆ ತೊಂದರೆ ಇಲ್ಲ. ಹೊಸಬರು ಬಂದರೆ ಅವರ ಜಾಗ ಕಾದಿರುತ್ತದೆ. ಮೊತ್ತವನ್ನು ಅದರ ಕೆಳಗೆ, ಸಿ23ರಲ್ಲಿ ಇಡಿ.

ಕೌಂಟ್: ಎಷ್ಟು ಮನೆಯಲ್ಲಿ ಅಂಕಿ ಇದೆ ಎಂದು ಎಣಿಸುತ್ತದೆ. =ಕೌಂಟ್(ಸಿ2:ಸಿ21). ಹನ್ನೆರಡು ಜನ ಹಣ ಕೊಟ್ಟಿದ್ದರೆ 12 ಬರಬೇಕು. 11 ಬಂದರೆ ಎಲ್ಲೋ ತಪ್ಪಿದೆ. ಹೆಚ್ಚಾಗಿ ಆಗುವ ತಪ್ಪು: ಮನೆಯಲ್ಲಿ '200 ರೂ.' ಎಂದು ಬರೆಯುವುದು. 'ರೂ.' ಸೇರಿದ ಕೂಡಲೇ ಅದು ಅಂಕಿಯಲ್ಲ, ಅಕ್ಷರ. ಸಮ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬರೀ 200 ಎಂದು ಬರೆಯಿರಿ.

ಆವರೇಜ್: ಸರಾಸರಿ. =ಆವರೇಜ್(ಸಿ2:ಸಿ13). ಇಲ್ಲಿ ಖಾಲಿ ಮನೆಗೂ ಸೊನ್ನೆಗೂ ವ್ಯತ್ಯಾಸ ಇದೆ. ಹನ್ನೆರಡರಲ್ಲಿ ಹತ್ತು ಜನ 200 ಕೊಟ್ಟು, ಇಬ್ಬರ ಮನೆ ಖಾಲಿ ಬಿಟ್ಟರೆ ಸರಾಸರಿ 200. ಆ ಇಬ್ಬರಿಗೆ 0 ಎಂದು ಬರೆದರೆ 166 ರೂಪಾಯಿ 67 ಪೈಸೆ. ಕೊಡದವರಿಗೆ 0 ಎಂದೇ ಬರೆಯಿರಿ. ಇಲ್ಲದಿದ್ದರೆ ವರದಿ ಚೆಂದ ಕಾಣುತ್ತದೆ, ನಿಜ ಕಾಣುವುದಿಲ್ಲ. ಆದರೆ 0 ಬರೆದ ಮನೆಯನ್ನು ಕೌಂಟ್ ಕೂಡ ಎಣಿಸುತ್ತದೆ, ಅದು ನೆನಪಿರಲಿ. ಆಗ ಕೌಂಟ್ ಉತ್ತರ ಸದಸ್ಯೆಯರ ಸಂಖ್ಯೆಗೆ ಸರಿಹೊಂದಬೇಕು.

ಇಫ್: 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು'. =ಇಫ್(ಸಿ2<200,"ಬಾಕಿ","ಸರಿ") ಎಂದರೆ, ಸಿ2ರಲ್ಲಿ 200ಕ್ಕಿಂತ ಕಡಿಮೆ ಇದ್ದರೆ 'ಬಾಕಿ' ಎಂದು ತೋರಿಸು, ಇಲ್ಲದಿದ್ದರೆ 'ಸರಿ' ಎಂದು ತೋರಿಸು. ಯಾರದ್ದು ಬಾಕಿ ಎಂದು ಹುಡುಕುವ ಕೆಲಸ ತಪ್ಪುತ್ತದೆ. ಯಾಕೆ ಬಾಕಿ ಆಯಿತು ಎಂದು ಕೇಳಿ ತಿಳಿಯುವ ಕೆಲಸ ಮಾತ್ರ ನಮ್ಮದೇ.

5. ಕೂಗುವ ತಪ್ಪು, ಮಾತಾಡದ ತಪ್ಪು

ಕೆಲವು ತಪ್ಪುಗಳನ್ನು ಕಂಪ್ಯೂಟರೇ ಹೇಳುತ್ತದೆ. ##### ಎಂದು ಕಂಡರೆ ಹೆದರಬೇಡಿ, ಹೆಚ್ಚಾಗಿ ಅದು ಕಾಲಂ ಅಗಲ ಸಾಲದು ಅಂತ ಅಷ್ಟೇ. #ನೇಮ್? ಬಂದರೆ ಸೂತ್ರದ ಹೆಸರು ತಪ್ಪಾಗಿದೆ. #ಡಿವ್/0! ಬಂದರೆ ಸೊನ್ನೆಯಿಂದ ಅಥವಾ ಖಾಲಿ ಮನೆಯಿಂದ ಭಾಗಿಸಿದ್ದೀರಿ. #ರೆಫ್! ಬಂದರೆ ಸೂತ್ರ ಕೇಳುತ್ತಿರುವ ಮನೆಯನ್ನು ಯಾರೋ ಅಳಿಸಿಹಾಕಿದ್ದಾರೆ. ಇವು ಕೂಗುವ ತಪ್ಪುಗಳು, ಸಿಕ್ಕೇ ಸಿಗುತ್ತವೆ.

ಅಪಾಯ ಇರುವುದು ಮಾತಾಡದ ತಪ್ಪಿನಲ್ಲಿ. 16,000 ಎಂದು ತೋರಿಸಿದ ಹಾಳೆ ಕೂಗಲಿಲ್ಲ. ಎಂಟು ತಿಂಗಳು ಸುಮ್ಮನಿತ್ತು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಹತ್ತು ಜನರದ್ದು ಕೂಡು ಅಂದರೆ ಹತ್ತು ಜನರದ್ದೇ ಕೂಡುತ್ತದೆ. "ಇನ್ನಿಬ್ಬರು ಇದ್ದಾರಲ್ಲ ಅಕ್ಕಾ" ಎಂದು ನೆನಪಿಸುವುದಿಲ್ಲ.

ನಮ್ಮಂಥವರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2010ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಲೇಖನ ಬರೆದರು. ಸಾಲ ಹೆಚ್ಚಾದ ದೇಶಗಳಲ್ಲಿ ಬೆಳವಣಿಗೆ ಕುಸಿಯುತ್ತದೆ ಎಂದು ಅದು ತೋರಿಸಿತು. ಸರ್ಕಾರಗಳು ಖರ್ಚು ಕಡಿತ ಮಾಡಬೇಕು ಎನ್ನುವವರು ಹಲವು ದೇಶಗಳಲ್ಲಿ ಅದನ್ನೇ ಎತ್ತಿ ತೋರಿಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಿದಾಗ ಉತ್ತರ ಹೊಂದಲಿಲ್ಲ. ಅವರು ಲೇಖಕರ ಹಾಳೆಯನ್ನೇ ಕೇಳಿದರು, ಲೇಖಕರು ಕಳಿಸಿಕೊಟ್ಟರು. ನೋಡಿದರೆ ಸರಾಸರಿಯ ಸೂತ್ರ 30ನೇ ಸಾಲಿನಿಂದ 49ರವರೆಗೆ ಹೋಗಬೇಕಾದದ್ದು 44ಕ್ಕೇ ನಿಂತಿತ್ತು. ಐದು ದೇಶಗಳು ಹೊರಗೆ! ಆ ಲೇಖನದ ಬಗ್ಗೆ ಬೇರೆ ಆಕ್ಷೇಪಗಳೂ ಎದ್ದವು. ಆದರೆ ಸೂತ್ರದ ಈ ತಪ್ಪನ್ನು ಲೇಖಕರೇ ಒಪ್ಪಿಕೊಂಡರು.

ಅಲ್ಲಿ ಐದು ದೇಶ, ಇಲ್ಲಿ ಇಬ್ಬರು ಹೆಂಗಸರು. ತಪ್ಪು ಒಂದೇ. ಅದು ಸಿಕ್ಕಿದ್ದೂ ಒಂದೇ ದಾರಿಯಲ್ಲಿ: ಒಬ್ಬರು ಕೇಳಿದರು, ಇನ್ನೊಬ್ಬರು ತೋರಿಸಿದರು.

6. ಪ್ರತಿ ತಿಂಗಳು ಸಭೆಯಲ್ಲಿ ಮಾಡಬೇಕಾದದ್ದು

ಅ) ಒಟ್ಟು ಮೊತ್ತದ ಮನೆಯನ್ನು ಎಲ್ಲರೆದುರು ಒತ್ತಿ. ಮೇಲ್ಗಡೆ ಪಟ್ಟಿಯಲ್ಲಿ (ಮೊಬೈಲಿನಲ್ಲಾದರೆ ಕೆಳಗಡೆ) ಸೂತ್ರ ಕಾಣುತ್ತದೆ. 'ಇಂದ – ವರೆಗೆ' ಗಟ್ಟಿಯಾಗಿ ಓದಿ. ಕೊನೆಯ ಸದಸ್ಯೆಯ ಸಾಲು ಅದರೊಳಗೆ ಇದೆಯಾ ನೋಡಿ. ಸೂತ್ರದ ಬದಲು ಬರೀ ಅಂಕಿ ಕಂಡರೆ ಯಾರೋ ಕೈಯಿಂದ ಬರೆದಿದ್ದಾರೆ ಎಂದರ್ಥ. ಯಾಕೆ ಎಂದು ಕೇಳಿ.

ಆ) ಕೌಂಟ್ ಉತ್ತರವನ್ನು ಹಾಜರಿ ಪುಸ್ತಕದ ಸದಸ್ಯೆಯರ ಸಂಖ್ಯೆಗೆ ಹೋಲಿಸಿ.

ಇ) ಬಡ್ಡಿ ಕಾಲಂನಲ್ಲಿ ಮೊದಲನೆಯ ಮತ್ತು ಕೊನೆಯ ಸಾಲನ್ನು ಬಾಯಿಲೆಕ್ಕ ಹಾಕಿ ನೋಡಿ. ಎರಡೂ ಸರಿ ಇದ್ದರೆ ಗೂಟ ಗಟ್ಟಿಯಾಗಿದೆ.

ಈ) ಕೈಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಕಂಪ್ಯೂಟರ್ ಹಾಳೆ, ಮೂರೂ ತಾಳೆಯಾಗಬೇಕು. ಕಂಪ್ಯೂಟರ್ ಬಂತು ಅಂತ ಕೈಪುಸ್ತಕ ಬಿಡಬೇಡಿ. ಆ ಹುಡುಗಿಯ ಮಾನ ಉಳಿಸಿದ್ದು ಹನ್ನೆರಡು ಕೈಪುಸ್ತಕಗಳು.

ಓದು ಬಾರದ ಸದಸ್ಯೆಯರೂ ಇದರಲ್ಲಿ ಪಾಲುಗೊಳ್ಳಬಹುದು. "ನನ್ನ ಸಾಲು ಎಷ್ಟನೆಯದು? ಮೊತ್ತ ಎಷ್ಟನೆಯ ಸಾಲಿನವರೆಗೆ ಕೂಡಿದೆ?" ಎಂಬ ಎರಡು ಪ್ರಶ್ನೆ ಕೇಳಲು ಅಕ್ಷರ ಬೇಕಾಗಿಲ್ಲ. ಕೇಳಿದವರನ್ನು ಅನುಮಾನದವರು ಅನ್ನಬೇಡಿ. ಪುಸ್ತಕ ಬರೆಯುವವರೂ ಬೇಸರ ಮಾಡಿಕೊಳ್ಳಬೇಡಿ. ಪ್ರತಿ ತಿಂಗಳು ಕೇಳುವ ಸಂಘದಲ್ಲಿ ವರ್ಷದ ಕೊನೆಗೆ ಕಳ್ಳಿ ಅನ್ನಿಸಿಕೊಳ್ಳುವ ಭಯ ಇರುವುದಿಲ್ಲ.

ಮಾಡಿ ನೋಡಿ

1) ಸದಸ್ಯೆಯರು 15 ಜನ, 2ರಿಂದ 16ನೇ ಸಾಲಿನವರೆಗೆ. ಮೊತ್ತದ ಸೂತ್ರ =ಸಮ್(ಸಿ2:ಸಿ15). ಎಷ್ಟು ಜನ ಬಿಟ್ಟುಹೋಗಿದ್ದಾರೆ?
2) ಎಫ್2ರಲ್ಲಿ =ಇ2*$ಹೆಚ್$1 ಇದೆ. ಎಫ್7ರವರೆಗೆ ಎಳೆದರೆ ಅಲ್ಲಿ ಯಾವ ಸೂತ್ರ ಬರುತ್ತದೆ?
3) ಹನ್ನೆರಡು ಜನರೂ 200 ಕೊಟ್ಟಿದ್ದಾರೆ. ಸಮ್ ಉತ್ತರ 2,200, ಕೌಂಟ್ ಉತ್ತರ 11. ಏನಾಗಿರಬಹುದು?

ಉತ್ತರ: 1) ಒಬ್ಬರು, ಕೊನೆಯವರು. 2) =ಇ7*$ಹೆಚ್$1. 3) ಒಬ್ಬರ ಮನೆ ಖಾಲಿ ಉಳಿದಿದೆ ಅಥವಾ ಅಲ್ಲಿ '200 ರೂ.' ಎಂದು ಅಕ್ಷರ ಸೇರಿದೆ. ಸೂತ್ರ ಆ ಸಾಲಿನವರೆಗೆ ಹೋಗದೆಯೂ ಇರಬಹುದು.

ಆ ಹುಡುಗಿ ಈಗಲೂ ಅದೇ ಸಂಘದ ಪುಸ್ತಕ ಬರೆಯುತ್ತಿದ್ದಾಳೆ. ಅನುಮಾನಪಟ್ಟವರೇ ಅವಳ ಮನೆಗೆ ಹೋಗಿ ಕರೆತಂದರು. ಈಗ ಪ್ರತಿ ಸಭೆಯ ಕೊನೆಗೆ ಅವಳು ಮೊತ್ತದ ಮನೆ ಒತ್ತಿ ಮೊಬೈಲನ್ನು ಸುತ್ತ ಕಳಿಸುತ್ತಾಳೆ. ಹಿರಿಯ ಸದಸ್ಯೆ ಕೇಳುತ್ತಾರೆ, "ಎಲ್ಲಿಯವರೆಗೆ ಮಗಳೇ?" ಅವಳು ಹೇಳುತ್ತಾಳೆ, "ಇಪ್ಪತ್ತೊಂದರವರೆಗೆ ಅಜ್ಜಿ, ಎಲ್ಲರೂ ಒಳಗಿದ್ದೇವೆ."

ನಿಮ್ಮ ಮುಂದಿನ ಸಭೆಯಲ್ಲಿ ನೀವೂ ಕೇಳಿ ನೋಡಿ.